ಸೀಲಿನ ಪಕ್ಕದ ‘ಪ್ರ’: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಮ್ಮ ಶಾಲೆಯ ಸೀಲಿನಲ್ಲಿ ‘ಮುಖ್ಯ ಶಿಕ್ಷಕರು’ ಅಂತ ಇದೆ. ಸೀಲು ಒತ್ತಿ ಸಹಿ ಹಾಕಿ, ಪಕ್ಕದಲ್ಲಿ ಪೆನ್ನಿನಿಂದ ‘ಪ್ರ’ ಅಂತ ಬರೆದು ಒಂದು ಚುಕ್ಕೆ ಇಡುತ್ತೇನೆ. ಪ್ರ ಅಂದರೆ ಪ್ರಭಾರ: ಹುದ್ದೆ ಖಾಯಂ ಅಲ್ಲ, ಹೊಣೆ ಮಾತ್ರ ನನ್ನದು. ಹನ್ನೊಂದು ವರ್ಷದಿಂದ ಆ ಚುಕ್ಕೆ ಇಡುತ್ತಾ ಬಂದಿದ್ದೇನೆ.

ಒಂದರಿಂದ ಏಳನೇ ತರಗತಿ, ನಾಲ್ಕು ಜನ ಶಿಕ್ಷಕರು. ಬಿಸಿಯೂಟದ ಅಕ್ಕಿ ಲೆಕ್ಕ, ಹಾಲಿನ ಪುಡಿ, ಮೊಟ್ಟೆ, ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಆನ್‌ಲೈನ್ ವ್ಯವಸ್ಥೆ, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ, ಟಿಸಿ ಎಲ್ಲ ನನ್ನ ತಲೆ ಮೇಲೆ. ಇದರ ಮಧ್ಯೆ ಐದನೇ ತರಗತಿ ಗಣಿತ. ಭಾಗಾಕಾರ ಅರ್ಧಕ್ಕೆ ಬಂದಿರುತ್ತದೆ, ಫೋನ್ ಬರುತ್ತದೆ: "ಮೇಡಂ, ಅರ್ಜೆಂಟ್, ಮಾಹಿತಿ ಹನ್ನೆರಡರೊಳಗೆ ಕಳಿಸಿ." ಶೇಷ ಬೋರ್ಡಿನ ಮೇಲೇ ಉಳಿಯುತ್ತದೆ. ಇರಲಿ, ಹೇಗೋ ಮಾಡಿಕೊಂಡು ಹೋಗುತ್ತಿದ್ದೇವೆ.

ಈ ಪತ್ರ ಬರೆಸಿದ್ದು ಬೇರೆ ಸಂಗತಿ. ಕಳೆದ ವರ್ಷ ಮುಖ್ಯ ಶಿಕ್ಷಕರಿಗೆ ನಾಯಕತ್ವ ತರಬೇತಿ ಅಂತ ಆದೇಶ ಬಂತು. ಎರಡು ಬಸ್ ಬದಲಿಸಿ ಹೋದೆ. ಹಾಜರಿ ಪಟ್ಟಿ ಹಿಡಿದು ಕೂತವರು, "ನೀವು ಪ್ರಭಾರ ಅಲ್ವಾ? ಇದು ಖಾಯಂ ಎಚ್‌ಎಂಗಳಿಗೆ ಮಾತ್ರ" ಅಂದರು. ಕೈಗೆ ಕೊಟ್ಟಿದ್ದ ಊಟದ ಕೂಪನ್ನೂ ವಾಪಸ್ ಇಸಕೊಂಡರು. ಹತ್ತು ದಿನಕ್ಕೆ ಅದೇ ಕಚೇರಿಯಿಂದ ನೋಟಿಸ್. ಶಾಲೆಗಳ ಅಂಕಿಅಂಶ ತುಂಬುವ ಯು-ಡೈಸ್‌ನಲ್ಲಿ ಶೌಚಾಲಯದ ಸಂಖ್ಯೆ ತಪ್ಪಾಗಿದೆ, ‘ಮುಖ್ಯ ಶಿಕ್ಷಕರೇ ನೇರ ಹೊಣೆ’. ಅದರಲ್ಲಿ ‘ಪ್ರ’ ಇರಲಿಲ್ಲ ಸರ್!

ಮುಖ್ಯ ಶಿಕ್ಷಕರು ವರ್ಷಕ್ಕೆ 50 ಗಂಟೆಯಾದರೂ ತರಬೇತಿ ಪಡೆಯಬೇಕು ಅಂತ ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲೇ ಹೇಳಿದೆ. ಆ ನೀತಿ ನಿಮಗೆ ಬೇಡದಿರಬಹುದು, ಅದು ನಿಮ್ಮ ರಾಜಕೀಯ. ನನಗೆ ಒಂದು ಗಂಟೆಯೂ ಸಿಗಲಿಲ್ಲ.

ನೇಮಕ, ಬಡ್ತಿ ಹೇಗೆ ಅಂತ ಹೇಳುವ ವೃಂದ ಮತ್ತು ನೇಮಕಾತಿ ನಿಯಮ ನಿಮಗೆ ಬಾಯಿಪಾಠ ಇರುತ್ತದೆ, ನಾನೇನು ಹೇಳಲಿ. ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಮೇಲಿರುವ ಕೆಲವರಿಗೆ ಬಡ್ತಿಯೇ ಬೇಡ. ಊರು ಬಿಡಬೇಕಲ್ಲ. ಬೇಕು ಅನ್ನುವವರ ಸರದಿ ಬರುವಷ್ಟರಲ್ಲಿ ಪಿಂಚಣಿ ಕಾಗದ ರೆಡಿ ಮಾಡಬೇಕು. ಸುಮ್ನೆ ಕೂರುವುದು ಬೇಡ ಅಂತ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ಆಡಳಿತದ ಪಿಜಿ ಡಿಪ್ಲೊಮಾ ಮಾಡಿದೆ. ರಾತ್ರಿ ಅಸೈನ್‌ಮೆಂಟ್ ಬರೆದೆ, ಫೀಸೂ ನಂದೇ. ಸೇವಾ ಪುಸ್ತಕದಲ್ಲಿ ಒಂದು ಸಾಲು ಸೇರಿತು, ಅಷ್ಟೇ.

ಹಾಗಾಗಿ ಕೇಳುತ್ತೇನೆ: ಮುಖ್ಯ ಶಿಕ್ಷಕರ ಹುದ್ದೆಗೆ ಒಂದು ಪರೀಕ್ಷೆ ಇಡಿ. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ಶಿಕ್ಷಕರು ಸೇವೆಯಲ್ಲಿರುವವರಿಗೆ ಮಾತ್ರ ಇರುವ ಸೀಮಿತ ಇಲಾಖಾ ಪರೀಕ್ಷೆ ಬರೆದು ಮುಖ್ಯೋಪಾಧ್ಯಾಯರಾಗುತ್ತಾರೆ. ಬಿಹಾರದವರು 2022ರಲ್ಲಿ ಪ್ರಾಥಮಿಕ ಶಾಲೆಗಳ 40,506 ಪ್ರಧಾನ ಶಿಕ್ಷಕ ಹುದ್ದೆಗೆ ಲೋಕಸೇವಾ ಆಯೋಗದಿಂದಲೇ ಅರ್ಜಿ ಕರೆದರು. ನಮ್ಮಲ್ಲಿ ಅರ್ಧ ಹುದ್ದೆ ಜ್ಯೇಷ್ಠತೆಗೇ ಇರಲಿ, ಹಿರಿಯರ ಅನ್ನ ನನಗೆ ಬೇಡ. ಉಳಿದ ಅರ್ಧಕ್ಕೆ ಪರೀಕ್ಷೆ ಇಡಿ. ಪ್ರಭಾರದ ವರ್ಷಗಳಿಗೆ, ಡಿಪ್ಲೊಮಾಗೆ ನಾಲ್ಕು ಅಂಕ ಕೊಡಿ. ಕೊಡದಿದ್ದರೂ ಪರವಾಗಿಲ್ಲ, ಪರೀಕ್ಷೆ ಇಡಿ. ನಾನು ಫೇಲಾದರೂ ಆಗಲಿ, ಪೇಪರ್ ಆದರೂ ಕೈಗೆ ಬರಲಿ.

ಹೆಸರು ಹಾಕಿಲ್ಲ, ಕ್ಷಮಿಸಿ. ಹಾಕಿದರೆ ಸರ್ಕಾರಿ ನೌಕರರ ನಡತೆ ನಿಯಮದಡಿ ನೋಟಿಸ್ ಬರುತ್ತದೆ. ನಮಗೆ ಟೈಮಿಗೆ ಸರಿಯಾಗಿ ಬರುವುದು ಅದೊಂದೇ.

ಇಂತಿ,
ಮುಖ್ಯ ಶಿಕ್ಷಕಿ, ಪ್ರ.