ಸೀನನ ರಿಪೋರ್ಟೂ ಅವನ ದಮ್ಮೂ

ಸೀನ,

ನೀನು ಕಳಿಸಿದ ರಕ್ತದ ರಿಪೋರ್ಟ್ ನೋಡಿದೆ. ಇಸ್ನೋಫಿಲ್ ಅನ್ನುವ ಬಿಳಿ ರಕ್ತಕಣ ನೂರಕ್ಕೆ 9, ಎಣಿಕೆಯಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 720. ಸಾಮಾನ್ಯವಾಗಿ 500ರ ಒಳಗಿರಬೇಕು. ಜಾಸ್ತಿಯೇ, ಆದರೆ ಗಾಬರಿ ಬೀಳುವಷ್ಟಲ್ಲ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಇದು ಏರುತ್ತದೆ, ಡಾಕ್ಟರು ಮಲ ಪರೀಕ್ಷೆ ಬರೆದದ್ದು ಅದಕ್ಕೇ, ನಾಚಿಕೆ ಬಿಟ್ಟು ಮಾಡಿಸು. ಆದರೆ ಹಾಸಿಗೆ ಕೊಡವಿದಾಗಲೆಲ್ಲ ನಿನಗೆ ದಮ್ಮು ಬರುತ್ತದೆ, ಚರ್ಮದ ಟೆಸ್ಟಿನಲ್ಲಿ ಧೂಳಿನ ಹುಳಕ್ಕೆ (ಹಾಸಿಗೆ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗಿರುವ ಹುಳ) ದದ್ದು ಎದ್ದಿದೆ. ಅಲರ್ಜಿ ಆಸ್ತಮಾ ಅಂತ ಅವರು ಹೇಳಿದ್ದು ಸರಿಯಾಗೇ ಇದೆ.

ಇಸ್ನೋಫಿಲ್ ನನಗೆ ಲ್ಯಾಬಿನಲ್ಲಿ ದಿನಾ ಸಿಗುವ ಗಿರಾಕಿ. ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಉಳಿದ ಬಿಳಿ ರಕ್ತಕಣಗಳ ನಡುವೆ ಥಟ್ಟನೆ ಕಣ್ಣಿಗೆ ಬೀಳುತ್ತದೆ: ಮಧ್ಯದಲ್ಲಿ ಎರಡು ಹೋಳಿನ ನೇರಳೆ ಬಣ್ಣದ ಕೋಶಕೇಂದ್ರ, ಸುತ್ತ ಒತ್ತೊತ್ತಾಗಿ ಕಿತ್ತಳೆ ಕೆಂಪಿನ ಕಾಳುಗಳು. 1879ರಲ್ಲಿ ಪಾಲ್ ಎರ್ಲಿಕ್ ಇದಕ್ಕೆ ಹೆಸರಿಟ್ಟದ್ದೂ ಆ ಕಾಳುಗಳು ಇಯೋಸಿನ್ ಬಣ್ಣವನ್ನು ಚೆನ್ನಾಗಿ ಹೀರುತ್ತವೆ ಅಂತಲೇ. ನೋಡಲು ಚೆಂದ. ಒಳಗಿರುವುದು ಮಾತ್ರ ಹುಳಗಳನ್ನು ಕೊಲ್ಲುವಂಥ ವಿಷ. ಶ್ವಾಸನಾಳದಲ್ಲಿ ಅದು ಸುರಿದರೆ ಅಲ್ಲಿ ಕೊಲ್ಲಲು ಜಂತುಹುಳವಿಲ್ಲ, ನಿನ್ನದೇ ಒಳಪದರ ಸುಲಿದುಹೋಗುತ್ತದೆ.

ಆದರೆ ರಿಪೋರ್ಟಿನಲ್ಲಿ ಕಾಣದ ಇನ್ನೊಬ್ಬನಿದ್ದಾನೆ, ಮಾಸ್ಟ್ ಕಣ. ಅದು ರಕ್ತದಲ್ಲಿ ಓಡಾಡುವುದಿಲ್ಲ, ಶ್ವಾಸನಾಳದ ಗೋಡೆಯಲ್ಲೇ ಠಿಕಾಣಿ. ಐಜಿಇ ಅನ್ನುವ ಆಂಟಿಬಾಡಿಯನ್ನು ಮೈತುಂಬ ಅಂಟಿಸಿಕೊಂಡು ಕಾಯುತ್ತಿರುತ್ತದೆ. ಧೂಳಿನ ಹುಳದ ಹಿಕ್ಕೆ (ಹೌದು ಮಾರಾಯ, ನಾವು ಉಸಿರಾಡುವುದು ಅದನ್ನೇ) ಒಳಗೆ ಹೋಗಿ ಆ ಐಜಿಇಗೆ ತಗುಲಿದರೆ ಸಾಕು, ಹಿಸ್ಟಮಿನ್, ಲ್ಯೂಕೋಟ್ರೈನ್ ಅನ್ನುವ ರಾಸಾಯನಿಕಗಳೆಲ್ಲ ಕೆಲವೇ ನಿಮಿಷಗಳಲ್ಲಿ ಹೊರಗೆ. ಸ್ನಾಯು ಬಿಗಿಯುತ್ತದೆ, ಎದೆ ಸುಯ್ ಅನ್ನುತ್ತದೆ. ನೀನು ಸಾಲ್ಬುಟಮಾಲ್ ಪಫ್ ತಗೋತೀಯ, ಸ್ನಾಯು ಸಡಿಲವಾಗುತ್ತದೆ, ಮುಗೀತು ಅಂತ ಮಲಗುತ್ತೀಯ.

ಮುಗಿದಿರುವುದಿಲ್ಲ ಕಣೋ. ನಾಲ್ಕರಿಂದ ಎಂಟು ಗಂಟೆ ಬಿಟ್ಟು ಎರಡನೇ ಸುತ್ತು ಶುರುವಾಗಬಹುದು. ಅದರ ಹಿಂದಿರುವುದು ಟಿಎಚ್2 ಅನ್ನುವ ಟಿ ಕಣ, ಅದೂ ಒಂದು ಬಿಳಿ ರಕ್ತಕಣವೇ. ಅದು ಮೇಸ್ತ್ರಿ ಇದ್ದ ಹಾಗೆ, ತಾನು ಇಟ್ಟಿಗೆ ಮುಟ್ಟುವುದಿಲ್ಲ, ಕೂಗಿ ಕೂಗಿ ಕೆಲಸ ಹಚ್ಚುತ್ತದೆ. ಆ ಕೂಗು ಅಂದರೆ ಇಂಟರ್‌ಲ್ಯೂಕಿನ್ ಅನ್ನುವ ಸಂದೇಶದ ಪ್ರೋಟೀನುಗಳು: ಇಂಟರ್‌ಲ್ಯೂಕಿನ್ 4 ಸುರಿಸಿ ಬಿ ಕಣಗಳಿಂದ ಐಜಿಇ ಮಾಡಿಸುತ್ತದೆ, ಇಂಟರ್‌ಲ್ಯೂಕಿನ್ 5 ಸುರಿಸಿ ಮೂಳೆಮಜ್ಜೆಯಿಂದ ಇಸ್ನೋಫಿಲ್ ಕರೆಸುತ್ತದೆ, 13 ಸುರಿಸಿ ಕಫ ಜಾಸ್ತಿ ಮಾಡಿಸುತ್ತದೆ. ಎಲ್ಲ ಸೇರಿ ಶ್ವಾಸನಾಳ ಊದಿಕೊಳ್ಳುತ್ತದೆ. ಸಂಜೆ ಹಾಸಿಗೆ ಕೊಡವಿದವನು ರಾತ್ರಿ ಎರಡಕ್ಕೆ ಎದ್ದು ಕೂತು 'ಪಫ್ ಏನೂ ಕೆಲಸ ಮಾಡ್ಲಿಲ್ಲ' ಅಂತ ಬೈಯುವುದು ಇದಕ್ಕೇ. ಪಫ್ ತನ್ನ ಕೆಲಸ ಮಾಡಿದೆ. ಈ ಊತ ಇಳಿಸುವುದು ಅದರ ಕೆಲಸವಲ್ಲ.

ಊತ ಇಳಿಸುವುದು ನೀನು 'ಆರಾಮಾಗಿದೀನಿ' ಅಂತ ಬಿಟ್ಟೆಯಲ್ಲ, ಆ ಬ್ಯೂಡೆಸೊನೈಡ್ ಅನ್ನುವ ಸ್ಟೀರಾಯ್ಡ್ ಇನ್ಹೇಲರ್. ಸ್ಟೀರಾಯ್ಡ್ ಅಂದ ಕೂಡಲೇ ಎಲ್ಲರಿಗೂ ಭಯ. ಇದು ಮೈಕ್ರೋಗ್ರಾಂ ಲೆಕ್ಕದ್ದು, ಬಹುಪಾಲು ಶ್ವಾಸನಾಳದಲ್ಲೇ ಕೆಲಸ ಮಾಡುವಂಥದ್ದು, ತಿಂಗಳುಗಟ್ಟಲೆ ನುಂಗುವ ಮಾತ್ರೆಯ ಜೊತೆ ಹೋಲಿಸಬೇಡ. ಮೇಸ್ತ್ರಿಯ ಬಾಯಿ ಮುಚ್ಚಿಸಿ ಇಸ್ನೋಫಿಲ್ ಕಡಿಮೆ ಮಾಡಲು ಅದಕ್ಕೆ ದಿನಗಳು, ವಾರಗಳು ಬೇಕು. ಬಿಟ್ಟರೆ ಅವು ಮತ್ತೆ ಬಂದು ಸೇರುತ್ತವೆ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಅಂತ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆ.

ನೀನು ಇಂಜೆಕ್ಷನ್ ಬಗ್ಗೆ ಕೇಳಿದ್ದೆ. ಮೆಪೊಲಿಝುಮ್ಯಾಬ್ ಅನ್ನುವ ಆ ಇಂಜೆಕ್ಷನ್ ಇಂಟರ್‌ಲ್ಯೂಕಿನ್ 5 ಅನ್ನೇ ಹಿಡಿದುಹಾಕುತ್ತದೆ. ಮಜಾ ಅಂದ್ರೆ, ಮೊದಲು ಎಲ್ಲ ಥರದ ಆಸ್ತಮಾದವರಿಗೂ ಕೊಟ್ಟು ನೋಡಿದಾಗ ಅಂಥ ಉಪಯೋಗ ಕಾಣಲಿಲ್ಲ, ಇಸ್ನೋಫಿಲ್ ಜಾಸ್ತಿ ಇರುವವರನ್ನೇ ಆರಿಸಿ ಕೊಟ್ಟ ಮೇಲೆ ದಾಳಿಗಳು ಕಡಿಮೆಯಾದವು. ಎಲ್ಲ ಆಸ್ತಮಾನೂ ಒಂದೇ ಅಲ್ಲ, ಅಲ್ವಾ? ಆದರೆ ಬಲು ದುಬಾರಿ, ಅದೂ ಇನ್ಹೇಲರಿಗೆ ಬಗ್ಗದ ತೀವ್ರ ಆಸ್ತಮಾಕ್ಕೆ. ಹೈದರಾಬಾದಿಗೆ ಹೋಗಿ ಮೀನು ನುಂಗುವ ಯೋಚನೆಯನ್ನಂತೂ ಬಿಡು, ಅದರಿಂದ ಆಸ್ತಮಾ ಹೋಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ.

ಸದ್ಯಕ್ಕೆ ಡಾಕ್ಟರ ಹತ್ತಿರ ಹೋಗುವಾಗ ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡು ಹೋಗಿ ಅವರೆದುರೇ ಎಳೆದು ತೋರಿಸು. ನೀನು ಎಳೆಯುವ ರೀತಿ ನೋಡಿದ್ದೇನೆ, ಮುಕ್ಕಾಲು ಮದ್ದು ಗಂಟಲಲ್ಲೇ ಉಳಿದಿರುತ್ತದೆ. ಸ್ಪೇಸರ್ ಕೇಳು, ಇನ್ಹೇಲರಿಗೆ ಸಿಕ್ಕಿಸುವ ಕೊಳವೆ. ಎಳೆದ ಮೇಲೆ ಬಾಯಿ ಮುಕ್ಕಳಿಸು.

ನಿನ್ನ,
ಗಿರಿ