ಪಾಠ ಮಾಡಲು ಕರೆದು ಕಡತ ಕಾಯಿಸಿದರು

ಮಾನ್ಯ ಸಂಪಾದಕರೇ,

ಸ್ವಯಂಸೇವಕ ವೈದ್ಯರಿಂದ ವಿದೇಶದ ಬೋಧನಾ ಆಸ್ಪತ್ರೆಯಲ್ಲಿ ತಜ್ಞರಾಗಲು ಕಲಿಯುತ್ತಿರುವ ಕಿರಿಯ ವೈದ್ಯರಾದ ರೆಸಿಡೆಂಟ್‌ಗಳಿಗೆ ನಡೆದ 4 ವಾರಗಳ ತರಬೇತಿ ‘ಯಶಸ್ವಿಯಾಗಿ ಮುಕ್ತಾಯ’ವಾಯಿತೆಂಬ ಮೊನ್ನೆಯ ವರದಿಯನ್ನು ಓದಿದೆ. ಚಿತ್ರದ ಹಿಂದಿನ ಸಾಲಿನಲ್ಲಿ ಅರ್ಧ ಮುಖವಷ್ಟೇ ಕಾಣುವ ವೈದ್ಯ ನಾನೇ. ಆ 4 ವಾರಗಳಲ್ಲಿ 18 ದಿನ ನಾನು ರೋಗಿಯೊಬ್ಬರನ್ನೂ ಮುಟ್ಟುವಂತಿರಲಿಲ್ಲ, ಏಕೆಂದರೆ ಅಲ್ಲಿನ ನೋಂದಣಿ ಕಚೇರಿ ನನಗೆ ತಾತ್ಕಾಲಿಕ ನೋಂದಣಿಯನ್ನು ದಯಪಾಲಿಸಿದ್ದು 19ನೆಯ ದಿನ.

ದಾಖಲೆಗಳನ್ನು 3 ತಿಂಗಳು ಮೊದಲೇ ಕಳುಹಿಸಿದ್ದೆ. ಸಂಬಳವಿಲ್ಲದ ರಜೆ ಹಾಕಿ, ವಿಮಾನದ ಖರ್ಚನ್ನೂ ಕೋಣೆಯ ಬಾಡಿಗೆಯನ್ನೂ ಕೈಯಿಂದಲೇ ಭರಿಸಿ ಹೋದವನಿಗೆ ಮೊದಲ ದಿನ ಸಿಕ್ಕ ಉತ್ತರ, ನನ್ನ ಮೇಲೆ ಶಿಸ್ತುಕ್ರಮವೇನೂ ಇಲ್ಲವೆಂದು ನಮ್ಮ ವೈದ್ಯಕೀಯ ಮಂಡಳಿ ಕೊಟ್ಟ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬುದು. ಅದು ಮುಗಿದದ್ದು ಅವರದೇ ಕಡತದೊಳಗೆ ಮಲಗಿದ್ದಾಗ! ಎರಡನೆಯ ವಾರ ನೋಟರಿಯ ಮುದ್ರೆ ಮಸುಕಾಗಿದೆಯೆಂದರು, ಅನಂತರ ಸಹಿ ಹಾಕಬೇಕಾದವರು ಸಭೆಯಲ್ಲಿದ್ದರು. ಪ್ರಾಯಶಃ ಸ್ವಯಂಸೇವಕರ ಸ್ವಾಗತ ಸಮಾರಂಭದ ಸಿದ್ಧತೆಗೇ ಆ ಸಭೆ ನಡೆದಿರಬೇಕು.

ಪರಿಶೀಲನೆ ಬೇಡವೆಂದು ನಾನು ಹೇಳುತ್ತಿಲ್ಲ. ಹೊರಗಿನಿಂದ ಬಂದ ತಜ್ಞನೆಂಬ ಒಂದೇ ಕಾರಣಕ್ಕೆ ಯಾರ ಕೈಗೂ ಸೂಜಿ ಕೊಡಬಾರದು. ಆದರೆ ಒಂದು ಮಧ್ಯಾಹ್ನ ಎರಡನೆಯ ವರ್ಷದ ರೆಸಿಡೆಂಟ್ ಒಬ್ಬಳು ರೋಗಿಯ ಎದೆಗೂಡಿನಿಂದ ನೀರು ತೆಗೆಯುವಾಗ ಸೂಜಿಯನ್ನು ಪಕ್ಕೆಲುಬಿನ ಕೆಳಅಂಚಿಗೆ, ಅಂದರೆ ರಕ್ತನಾಳವೂ ನರವೂ ಹಾದುಹೋಗುವ ಜಾಗಕ್ಕೆ, ಹತ್ತಿರ ತರುತ್ತಿದ್ದುದನ್ನು ನಾನು ಜೇಬಿನಲ್ಲಿ ಕೈಯಿಟ್ಟು ನೋಡುತ್ತಾ ನಿಲ್ಲಬೇಕಾಯಿತು. ‘ಮೇಲಂಚು, ಮೇಲಂಚು’ ಎಂದು ಪಿಸುಗುಟ್ಟಿದೆ. ಅವಳು ಸರಿಪಡಿಸಿಕೊಂಡಳು. ಕೈ ಹಿಡಿದು ತೋರಿಸಬೇಕಾದ ವಿದ್ಯೆ ಅದು, ಪಿಸುಮಾತಿನಲ್ಲಿ ದಾಟಿಸುವಂಥದ್ದಲ್ಲ.

ಇಂಥ ಅಲ್ಪಾವಧಿಯ ಭೇಟಿಗಳಿಂದ ಏನಾದೀತು ಎನ್ನುವವರು ಇಥಿಯೋಪಿಯಾವನ್ನು ನೋಡಬೇಕು. 2003ರವರೆಗೆ ಮನೋವೈದ್ಯರಾಗಲು ದೇಶ ಬಿಟ್ಟು ಹೋಗಬೇಕಿದ್ದ ಅಲ್ಲಿ, ಟೊರಾಂಟೊ ವಿಶ್ವವಿದ್ಯಾಲಯದ ಅಧ್ಯಾಪಕರು ತಿಂಗಳ ಮಟ್ಟಿಗೆ ಸರದಿಯಂತೆ ಹೋಗಿಬಂದು ಕಲಿಸಿದ್ದರಿಂದ ಅಡಿಸ್ ಅಬಾಬಾದಲ್ಲೇ ತರಬೇತಿ ನೆಲೆಗೊಂಡಿತು. ಘಾನಾದಲ್ಲಿ 1989ರಲ್ಲಿ ಹೊರಗಿನವರ ನೆರವಿನಿಂದ ಆರಂಭವಾದ ಪ್ರಸೂತಿ ಮತ್ತು ಸ್ತ್ರೀರೋಗ ತರಬೇತಿಯಲ್ಲಿ ಕಲಿತವರಲ್ಲಿ ಬಹುಪಾಲು ಮಂದಿ ಆ ದೇಶದಲ್ಲೇ ಉಳಿದರು. ಒಂದು ತಿಂಗಳೇ ಬಂಡವಾಳವಾಗಿರುವಾಗ ಅದರಲ್ಲಿ 18 ದಿನಗಳನ್ನು ಕಚೇರಿಯೇ ನುಂಗಿದರೆ ಉಳಿಯುವುದೇನು?

ಇದು ಹೊಸ ಕಥೆಯೂ ಅಲ್ಲ. 2 ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬರು ರೆಸಿಡೆಂಟ್‌ಗಳಿಗೆ ಕಲಿಸಲೆಂದೇ ಒಯ್ದ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರ ಕಸ್ಟಮ್ಸ್ ಗೋದಾಮಿನಲ್ಲೇ ಕುಳಿತು, ಅವರು ಮರಳಿದ ಮೇಲೆ ಬಿಡುಗಡೆಯಾಯಿತು. ಆ ಬಗ್ಗೆ ನಾನು ಬರೆದ 2 ಪತ್ರಗಳಿಗೆ ಸ್ವೀಕೃತಿಯೂ ಬರಲಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಈ ನೋಂದಣಿಯನ್ನು ಸರಿಪಡಿಸಲಿ, ಇಲ್ಲವೇ ನಮ್ಮನ್ನು ಕರೆಯುವುದನ್ನೇ ನಿಲ್ಲಿಸಲಿ. ಎರಡೂ ಆಗದಿದ್ದರೆ ಮುಂದಿನ ಚಿತ್ರದಲ್ಲಿ ಆ ರೆಸಿಡೆಂಟ್‌ಗಳನ್ನಾದರೂ ಮುಂದಿನ ಸಾಲಿನಲ್ಲಿ ನಿಲ್ಲಿಸಲಿ.

ಇಂತಿ,
ಹಿಂದಿನ ಸಾಲಿನ ವೈದ್ಯ