ಹಿಟ್ಟಿನ ಪತಂಗ: ಈ ಭಾನುವಾರ ಎಲ್ಲ ಮನೆಗಳಲ್ಲೂ ಕಪಾಟು ಸ್ವಚ್ಛತೆ

ಎಲ್ಲ ಅಕ್ಕಂದಿರಿಗೂ ಅಣ್ಣಂದಿರಿಗೂ ನಮಸ್ಕಾರ.

ನಮ್ಮ ಕಟ್ಟಡದ ಎರಡನೆಯ ಮತ್ತು ಮೂರನೆಯ ಮಹಡಿಯ ಮನೆಗಳಲ್ಲಿ ಸಂಜೆ ಹೊತ್ತು ಸಣ್ಣ ಪತಂಗಗಳು ಹಾರಾಡುತ್ತಿವೆ. ಜೋಳದ ಹಿಟ್ಟು, ರವೆ, ಶೇಂಗಾದಲ್ಲಿ ನೂಲಿನಂತಹ ಬಲೆಯೂ ಕಂಡಿದೆ. ಇವು ಮನೆಯಿಂದ ಮನೆಗೆ ಹಾರುತ್ತವೆ. ಒಬ್ಬರು ಸ್ವಚ್ಛ ಮಾಡಿದರೆ ಸಾಲದು, ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಮಾಡೋಣ.

ಹಾರುವ ಪತಂಗವನ್ನು ಹೊಡೆದು ಸುಮ್ಮನಾಗಬೇಡಿ. ಅದು ನಮ್ಮ ದಿನಸಿ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಹುಳು ಹಿಡಿದದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಂದೇ ಕಸದ ಗಾಡಿಗೆ ಕೊಡಿ. ಮೆಟ್ಟಿಲ ಬಳಿ ದಯವಿಟ್ಟು ಇಡಬೇಡಿ.

ಕಪಾಟು ಪೂರ್ತಿ ಖಾಲಿ ಮಾಡಿ, ಸಂದುಗಳನ್ನೂ ಡಬ್ಬಿಯ ಮುಚ್ಚಳದ ಅಂಚನ್ನೂ ಸೋಪಿನ ನೀರಿನಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಹುಳುಗಳು ಗೂಡು ಕಟ್ಟುವುದು ಅಲ್ಲಿಯೇ. ಆಹಾರ ಇಡುವ ಜಾಗಕ್ಕೆ ಕೀಟನಾಶಕ ಸಿಂಪಡಿಸಲೇಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ. ಚೆನ್ನಾಗಿರುವ ಹಿಟ್ಟನ್ನು ಒಂದು ವಾರ ಫ್ರೀಜರಿನಲ್ಲಿಟ್ಟರೆ ಕಾಣದ ಮೊಟ್ಟೆಗಳೂ ಸಾಯುತ್ತವೆ. ಬಳಿಕ ಗಟ್ಟಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ತುಂಬಿ. ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಹುಳು ಕೊರೆಯುತ್ತದೆ.

ವರ್ಷಕ್ಕೆಂದು ಕಟ್ಟಿಟ್ಟ ಬ್ಯಾಡಗಿ ಮೆಣಸಿನಕಾಯಿ, ಜೋಳದ ಚೀಲ, ಹಕ್ಕಿಗೆ ಹಾಕುವ ಕಾಳು ಇವನ್ನೂ ಬಿಚ್ಚಿ ನೋಡಿ. ಹೆಚ್ಚಿನವರು ಮರೆಯುವುದು ಇವನ್ನೇ.

ಊರಿಗೆ ಹೋಗುವವರು ಶನಿವಾರವೇ ಮುಗಿಸಿಕೊಳ್ಳಿ. ವಯಸ್ಸಾದವರಿಗೆ ಡಬ್ಬಿ ಇಳಿಸಲು ನಾನು ಬರುತ್ತೇನೆ, ಸಂಕೋಚವಿಲ್ಲದೆ ಕರೆಯಿರಿ. ನಿಮ್ಮ ಮನೆಯಲ್ಲಿ ಪತಂಗ ಕಂಡಿದೆಯೇ ಇಲ್ಲವೇ ಎಂದು ಶುಕ್ರವಾರ ರಾತ್ರಿಯೊಳಗೆ ಮನೆ ಸಂಖ್ಯೆಯೊಂದಿಗೆ ಇಲ್ಲಿ ತಿಳಿಸಿ.